ಬಾಗಿಲು ಎಣಿಸಿದರೆ ಸೀಟು ಸಿಕ್ಕಿತು!

“ಮಾವ, ಇದರಲ್ಲಿ ಎಷ್ಟು ಜನ ಕೂತ್ಕೋಬಹುದು?”

ತಂಗಿಯ ಮಗಳು ಪುಟ್ಟಿ ಕೇಳಿದ್ದು ಇಷ್ಟೇ. ಅವಳ ಕೈಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ವಿಮಾನ, ಏರ್‌ಬಸ್ ಎ380. ಶಾಲೆಯ ವಸ್ತುಪ್ರದರ್ಶನಕ್ಕೆಂದು ಏಳು ವಿಮಾನಗಳ ಮಾದರಿಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ್ದಳು. ಒಂದೊಂದರ ಮುಂದೂ ಒಂದೊಂದು ರಟ್ಟಿನ ಚೀಟಿ. ಹೆಸರು, ಉದ್ದ, ರೆಕ್ಕೆಯ ಅಗಲ ಎಲ್ಲ ಬರೆದಾಗಿತ್ತು. ಖಾಲಿ ಉಳಿದದ್ದು ಒಂದೇ ಖಾನೆ: ಸೀಟುಗಳು.

ಅದೇನು ಮಹಾ, ಒಂದು ನಿಮಿಷದ ಕೆಲಸ ಎಂದುಕೊಂಡು ಹುಡುಕತೊಡಗಿದೆ. ಮೊದಲು ಸಿಕ್ಕ ಉತ್ತರ 853. ಮುಂದಿನ ಪುಟದಲ್ಲಿ 555. ಸಿಂಗಪುರ ಏರ್‌ಲೈನ್ಸ್ 2007ರ ಅಕ್ಟೋಬರ್ 25ರಂದು ಈ ವಿಮಾನವನ್ನು ಮೊದಲ ಬಾರಿಗೆ ಪ್ರಯಾಣಿಕರೊಂದಿಗೆ ಸಿಡ್ನಿಗೆ ಹಾರಿಸಿದಾಗ ಅದರಲ್ಲಿ ಇದ್ದ ಸೀಟು 471. ಎಮಿರೇಟ್ಸ್‌ನವರ ಒಂದು ಮೂರು ದರ್ಜೆಯ ಎ380ರಲ್ಲಿ 517, ಎರಡು ದರ್ಜೆಯದರಲ್ಲಿ 615. ಒಂದೇ ವಿಮಾನ, ಒಂದೇ ಮೈ, ಒಂದೇ ರೆಕ್ಕೆ. ಉತ್ತರ ಮಾತ್ರ ಐದು! ಯಾವುದನ್ನು ಬರೆಯುವುದು?

ಪುಟ್ಟಿ ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಮೂರು ವಾರ ಈ ಒಂದು ಖಾನೆ ನಮ್ಮಿಬ್ಬರನ್ನೂ ಎಲ್ಲಿಂದೆಲ್ಲಿಗೆ ಎಳೆದುಕೊಂಡು ಹೋಯಿತು ಎಂಬುದನ್ನು ಹೇಳದೆ ಇರಲಾರೆ.

ನಾವು ಸರ್ಕಾರಿ ಬಸ್ಸಿನಲ್ಲಿ ಬೆಳೆದವರು. “ಒಳಗೆ ಹೋಗ್ರೀ, ಹಿಂದೆ ಖಾಲಿ ಇದೆ” ಎಂದು ಕಂಡಕ್ಟರ್ ಕೂಗುವ ತನಕ ಬಸ್ಸು ತುಂಬಿತು ಅಂತ ಲೆಕ್ಕವೇ ಇಲ್ಲ. ಹಾಗಾಗಿ ಸೀಟಿನ ಲೆಕ್ಕವೆಂದರೆ ಜಾಗದ ಲೆಕ್ಕ ಎಂದೇ ನಾನು ತಿಳಿದಿದ್ದೆ. ಉದ್ದ ಅಳೆಯಬೇಕು, ಅಗಲ ಅಳೆಯಬೇಕು, ಒಂದು ಸೀಟಿನ ಅಳತೆಯಿಂದ ಭಾಗಿಸಬೇಕು, ಮುಗಿಯಿತು. ಅಲ್ಲವೇ ಅಲ್ಲ! ವಿಮಾನ ಕಟ್ಟುವವರು ಮೊದಲು ಕೇಳುವ ಪ್ರಶ್ನೆ ಬೇರೆಯೇ ಇದೆ: ಇಷ್ಟು ಜನರೂ ಒಂದೂವರೆ ನಿಮಿಷದಲ್ಲಿ ಹೊರಗೆ ಬರಬಲ್ಲರೇ?

ಇದು ಗೊತ್ತಾದದ್ದೇ ತಡ, ನಾನು ಪುಟ್ಟಿಗೆ ಹೇಳಿದೆ: “ಸೀಟು ಬಿಡು. ಬಾಗಿಲು ಎಣಿಸು.”

ಅವಳು ಮಾದರಿಯನ್ನು ಕಣ್ಣಿನ ಹತ್ತಿರ ಹಿಡಿದು ಎಣಿಸಿದಳು. ಕೆಳಗಿನ ಮಹಡಿಯಲ್ಲಿ ಒಂದು ಬದಿಗೆ ಐದು, ಮೇಲಿನ ಮಹಡಿಯಲ್ಲಿ ಮೂರು. ಎರಡೂ ಬದಿ ಸೇರಿ ಹದಿನಾರು, ಅಂದರೆ ಎಂಟು ಜೋಡಿ. ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ನಿಯಮದಲ್ಲಿ ವಿಮಾನದ ತುರ್ತು ಬಾಗಿಲುಗಳಿಗೆ ವರ್ಗಗಳಿವೆ. ಎಲ್ಲಕ್ಕಿಂತ ದೊಡ್ಡದು ‘ಎ’ ವರ್ಗ. ಕನಿಷ್ಠ 42 ಇಂಚು ಅಗಲ, 72 ಇಂಚು ಎತ್ತರ, ಇಬ್ಬರು ಪಕ್ಕಪಕ್ಕದಲ್ಲಿ ಜಾರಬಲ್ಲಷ್ಟು ಅಗಲದ ಜಾರುಬಂಡಿ. ಇಂಥ ಒಂದು ಜೋಡಿ ಬಾಗಿಲಿಗೆ 110 ಸೀಟು. ‘ಬಿ’ ವರ್ಗಕ್ಕೆ 75, ‘ಸಿ’ಗೆ 55. ಅದಕ್ಕಿಂತ ಚಿಕ್ಕದಾದ ಒಂದನೇ ವರ್ಗದ ಜೋಡಿಗೆ 45, ರೆಕ್ಕೆಯ ಮೇಲೆ ಕಿಟಕಿಯಂತೆ ತೆರೆಯುವ ಮೂರನೇ ವರ್ಗದ ಜೋಡಿಗೆ 35.

ಎ380ರ ಎಂಟೂ ಜೋಡಿ ‘ಎ’ ವರ್ಗದವು. ಎಂಟನ್ನು ನೂರಹತ್ತರಿಂದ ಗುಣಿಸಿದರೆ 880. ಏರ್‌ಬಸ್ ಪರೀಕ್ಷೆ ಮಾಡಿ ಗೆದ್ದುಕೊಂಡ ಮಿತಿ 853. ಕೆಳಮಹಡಿಯ ಐದು ಜೋಡಿಗೆ 550 ಸಾಧ್ಯವಿದ್ದಲ್ಲಿ 538, ಮೇಲ್ಮಹಡಿಯ ಮೂರು ಜೋಡಿಗೆ 330 ಸಾಧ್ಯವಿದ್ದಲ್ಲಿ 315. ಮೊದಲ ದಿನ ಆಕಾಶದಿಂದ ಉದುರಿದಂತೆ ಕಂಡ 853 ಎಂಬ ಅಂಕಿಗೆ ಈಗ ಕಾಲು ಬಂತು, ನೆಲ ಬಂತು!

ಮುಂದೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಪುಟ್ಟಿ ಎರಡನೇ ಮಾದರಿ ಎತ್ತಿಕೊಂಡಳು. ಬೋಯಿಂಗ್ 777-300ಇಆರ್. ಒಂದು ಬದಿಗೆ ಐದು ದೊಡ್ಡ ಬಾಗಿಲು. “ಐನೂರೈವತ್ತು” ಎಂದಳು. ಪ್ರಮಾಣಪತ್ರದ ಮಿತಿ ನೋಡಿದೆ: 550. ಮೂರನೆಯದು 777-200ಎಲ್‌ಆರ್. ನಾಲ್ಕು ಬಾಗಿಲು. “ನಾನೂರ ನಲವತ್ತು.” ಪ್ರಮಾಣಪತ್ರದಲ್ಲೂ 440. ನಾಲ್ಕನೆಯದು 747-400, ಕೆಳಗೆ ಐದು, ಮೇಲಿನ ಗೂನಿನಲ್ಲಿ ಒಂದು. “ಆರುನೂರ ಅರವತ್ತು.” ಹೌದು, 660! ಐದನೆಯದರಲ್ಲಿ ತಡೆದಳು. ಏರ್‌ಬಸ್ ಎ330. “ಮಾವ, ಇಲ್ನೋಡು, ರೆಕ್ಕೆ ಹಿಂದಿನ ಈ ಬಾಗಿಲು ಮಾತ್ರ ಪುಟಾಣಿ.” ನಿಜ. ಅನೇಕ ಎ330ಗಳಲ್ಲಿ ಮೂರನೇ ಬಾಗಿಲು ಉಳಿದವಕ್ಕಿಂತ ಚಿಕ್ಕದು, ಒಂದನೇ ವರ್ಗದ್ದು. ಮೂರು ದೊಡ್ಡದಕ್ಕೆ 330, ಒಂದು ಚಿಕ್ಕದಕ್ಕೆ 45. ಕೂಡಿದರೆ 375. ಆ ವಿನ್ಯಾಸದ ಎ330-300ಕ್ಕೆ ಕೊಟ್ಟಿರುವ ಮಿತಿಯೂ 375!

ಒಳಗೆ ಟೊಳ್ಳೇ ಇಲ್ಲದ, ಗಟ್ಟಿ ಪ್ಲಾಸ್ಟಿಕ್ ಮುದ್ದೆ ಅದು. ಅದರ ಹೊರಮೈಯ ಮೇಲೆ ಕೊರೆದ ನಾಲ್ಕು ಗೆರೆಗಳು ಒಳಗೆ ಎಷ್ಟು ಜನ ಕೂರಬಹುದೆಂದು ಹೇಳಿಬಿಟ್ಟವು. ಇಷ್ಟು ವರ್ಷ ವಿಮಾನಗಳನ್ನು ಬಾಯಿ ಬಿಟ್ಟು ನೋಡಿದ್ದೇನೆ, ಒಮ್ಮೆಯೂ ಇದನ್ನು ಓದಿರಲಿಲ್ಲ.

ಆದರೆ ಒಂದು ಜೋಡಿ ಬಾಗಿಲಿಗೆ 110 ಯಾಕೆ? ಇದಕ್ಕೆ ಉತ್ತರ ಹುಡುಕಿ ಹೊರಟವನು ಜರ್ಮನಿಯ ಹ್ಯಾಂಬರ್ಗ್‌ನ ಒಂದು ಕತ್ತಲ ಶೆಡ್ಡಿಗೆ ಹೋಗಿ ನಿಂತೆ.

2006ರ ಮಾರ್ಚ್ 26. ಶೆಡ್ಡಿನೊಳಗೆ ಎ380 ನಿಂತಿದೆ. ಅದರಲ್ಲಿ 853 ಜನ ಪ್ರಯಾಣಿಕರಾಗಿ ಕೂತಿದ್ದಾರೆ, ಜೊತೆಗೆ 20 ಸಿಬ್ಬಂದಿ. ದೀಪ ಆರಿದೆ. ಹಾದಿಯಲ್ಲಿ ಬೇಕೆಂದೇ ಚೀಲ, ಕಂಬಳಿ, ದಿಂಬು ಚೆಲ್ಲಿದ್ದಾರೆ. ಹದಿನಾರು ಬಾಗಿಲುಗಳಲ್ಲಿ ಎಂಟು ಮಾತ್ರ ತೆರೆಯುತ್ತವೆ, ಯಾವ ಎಂಟು ಎಂದು ಒಳಗಿದ್ದವರಿಗೆ ಗೊತ್ತಿಲ್ಲ. ಇಂಥ ಪರೀಕ್ಷೆಗೆ ಬರೀ ಗಟ್ಟಿಮುಟ್ಟಾದ ಹುಡುಗರನ್ನು ಕೂರಿಸುವಂತಿಲ್ಲ. ಕನಿಷ್ಠ ನೂರಕ್ಕೆ ನಲವತ್ತು ಮಂದಿ ಹೆಂಗಸರಿರಬೇಕು, ನೂರಕ್ಕೆ ಮೂವತ್ತೈದು ಮಂದಿ ಐವತ್ತು ದಾಟಿದವರಿರಬೇಕು. ಕೈಗೂಸಿನ ಬದಲಿಗೆ ಕೂಸಿನಷ್ಟೇ ಗಾತ್ರದ ಮೂರು ಬೊಂಬೆಗಳನ್ನು ಎತ್ತಿಕೊಂಡು ಓಡಬೇಕು. ಗಡುವು 90 ಸೆಕೆಂಡು. 1967ರಿಂದ ವಿಮಾನ ತಯಾರಿಸುವವರ ತಲೆಯ ಮೇಲೆ ತೂಗುತ್ತಿರುವ ಅಂಕಿ ಅದು.

ಸೂಚನೆ ಬಂತು. ಬಾಗಿಲುಗಳು ತೆರೆದವು. ಜಾರುಬಂಡಿಗಳು ಉಬ್ಬಿದವು. 873 ಜನ 78 ಸೆಕೆಂಡಿನಲ್ಲಿ ನೆಲದ ಮೇಲಿದ್ದರು!

ಕಾಗದ ತೆಗೆದು ಭಾಗಿಸಿ ನೋಡಿದೆ. ಎಂಟು ಬಾಗಿಲು, 873 ಜನ: ಬಾಗಿಲೊಂದಕ್ಕೆ 109. ಮುಕ್ಕಾಲು ಸೆಕೆಂಡಿಗೂ ಮೊದಲೇ ಒಬ್ಬರ ಹಿಂದೊಬ್ಬರು. ನೀವು ‘ಒಂದು’ ಎಂದು ಬಾಯಿ ಬಿಟ್ಟು ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಮನುಷ್ಯ ಬಾಗಿಲು ದಾಟಿರುತ್ತಾನೆ. ಅಂದು 33 ಜನರಿಗೆ ಪೆಟ್ಟಾಯಿತು, ಹೆಚ್ಚಿನವರಿಗೆ ಜಾರುವಾಗ ಚರ್ಮ ತರಚಿದ್ದು, ಒಬ್ಬರಿಗೆ ಕಾಲು ಮುರಿಯಿತು. ಮೂರು ದಿನ ಕಳೆದು, ಮಾರ್ಚ್ 29ರಂದು, 853 ಎಂಬ ಅಂಕಿಗೆ ಮುದ್ರೆ ಬಿತ್ತು. ತಮಗೆ ಪರಿಚಯವೇ ಇಲ್ಲದ ಲಕ್ಷಾಂತರ ಪ್ರಯಾಣಿಕರಿಗಾಗಿ ಕತ್ತಲಲ್ಲಿ ಓಡಿದ ಆ ಜನರನ್ನು ನೆನೆದು ನನಗೆ ಕಣ್ಣು ತುಂಬಿತು.

ಪರೀಕ್ಷೆ ಪರೀಕ್ಷೆಯೇ, ನಿಜವಾದ ಬೆಂಕಿಯಲ್ಲಿ? 2024ರ ಜನವರಿ 2ರ ಸಂಜೆ ಟೋಕಿಯೊದ ಹನೆಡಾ ನಿಲ್ದಾಣದಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಸಪ್ಪೊರೊದಿಂದ ಬಂದು ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್‌ನ ಎ350-900, ರನ್‌ವೇ ಮೇಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಕಾವಲು ಪಡೆಯ ವಿಮಾನದಲ್ಲಿದ್ದ ಆರು ಜನರಲ್ಲಿ ಐವರು ತೀರಿಕೊಂಡರು. ಎ350ರಲ್ಲಿ 367 ಪ್ರಯಾಣಿಕರು, 12 ಸಿಬ್ಬಂದಿ. ಎಂಟು ಬಾಗಿಲುಗಳಲ್ಲಿ ಬಳಸಲು ಉಳಿದದ್ದು ಮೂರೇ ಮೂರು. ಧ್ವನಿವರ್ಧಕ ಕೆಟ್ಟಿತ್ತು. ಸಿಬ್ಬಂದಿ ಕೈಮೈಕು ಹಿಡಿದು, ಗಂಟಲು ಹರಿದುಕೊಂಡು ದಾರಿ ತೋರಿಸಿದರು. ಜನ ಮೇಲಿಟ್ಟ ಚೀಲಗಳನ್ನು ಅಲ್ಲೇ ಬಿಟ್ಟು ನಡೆದರು. ನೆಲ ಮುಟ್ಟಿದ ಕ್ಷಣದಿಂದ ಕೊನೆಯವರು ಹೊರಬೀಳುವ ತನಕ 18 ನಿಮಿಷ ಹಿಡಿಯಿತು. 379 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಆಮೇಲೆ ವಿಮಾನ ಪೂರ್ತಿ ಸುಟ್ಟು ಬೂದಿಯಾಯಿತು.

ಆ ವಿಮಾನದ ಬಾಗಿಲುಗಳ ಮಿತಿ 440. ಜಪಾನಿನ ಒಳನಾಡು ಹಾರಾಟಕ್ಕೆಂದು ಅದರಲ್ಲಿ ಹಾಕಿದ್ದ ಸೀಟು 369.

440 ಮತ್ತು 369! ಈ ನಡುವಿನ 71 ಸೀಟು ಎಲ್ಲಿ ಹೋದವು? ಬಾಗಿಲು ಹೇಳುವುದು ಚಾವಣಿ ಎಷ್ಟು ಎತ್ತರ ಎಂದು. ನಿಜವಾದ ಅಂಕಿ ಅದರ ಕೆಳಗೆಲ್ಲೋ ಇದೆ. ಅಲ್ಲಿಗೆ ಮೆಟ್ಟಿಲಿಳಿದು ಹೋಗಬೇಕು. ಪುಟ್ಟಿ ಅಮ್ಮನ ಹೊಲಿಗೆಪೆಟ್ಟಿಗೆಯಿಂದ ಟೇಪು ತಂದಳು.

ಮೊದಲು ಅವಳು ಕಿಟಕಿ ಎಣಿಸಲು ಹೋದಳು. ಒಂದು ಕಿಟಕಿಗೆ ಒಂದು ಸಾಲು ಎಂಬ ಲೆಕ್ಕ. ಆರನೇ ಮಾದರಿ ಏರ್‌ಬಸ್ ಎ320ರಲ್ಲಿ ಅದು ಎಲ್ಲಿಯೂ ತಾಳೆಯಾಗಲಿಲ್ಲ. ಕಾರಣ ತಿಳಿದಾಗ ನನ್ನ ಹಳೆಯ ಒಂದು ದುಃಖ ಪರಿಹಾರವಾಯಿತು. ವಿಮಾನದ ಮೈಯಲ್ಲಿ ಪಕ್ಕೆಲುಬಿನಂತೆ ಬಳೆಗಳಿರುತ್ತವೆ. ಎ320ರಲ್ಲಿ ಒಂದು ಬಳೆಯಿಂದ ಇನ್ನೊಂದಕ್ಕೆ ಸುಮಾರು 21 ಇಂಚು. ಕಿಟಕಿ ಕೂರುವುದು ಆ ಎರಡು ಬಳೆಗಳ ನಡುವೆ. ಸೀಟಿನ ಸಾಲುಗಳೋ 28ರಿಂದ 32 ಇಂಚಿಗೊಂದು. ಎರಡಕ್ಕೂ ಸಂಬಂಧವೇ ಇಲ್ಲ! ಕಿಟಕಿ ಪಕ್ಕದ ಸೀಟು ಕೇಳಿ ಪಡೆದು, ಹೋಗಿ ಕೂತರೆ ಪಕ್ಕದಲ್ಲಿ ಬರೀ ಗೋಡೆ ಇರುತ್ತದಲ್ಲ, ಅದು ಇದಕ್ಕೇ.

ಕಿಟಕಿ ಬಿಟ್ಟು ಅಗಲಕ್ಕೆ ಬಂದೆವು. ಅಗಲದಲ್ಲಿ ಒಂದು ಕಲ್ಲಿನಂಥ ನಿಯಮವಿದೆ: ನಡೆದಾಡುವ ದಾರಿ ಒಂದೇ ಇದ್ದರೆ ಅದರ ಎಡಕ್ಕೆ ಮೂರು, ಬಲಕ್ಕೆ ಮೂರು, ಅದಕ್ಕಿಂತ ಹೆಚ್ಚು ಸೀಟು ಹಾಕುವಂತಿಲ್ಲ. ಬೋಯಿಂಗ್ 737ರ ಒಳ ಅಗಲ 3.54 ಮೀಟರ್, ಎ320ರದು 3.70. ಹದಿನಾರು ಸೆಂಟಿಮೀಟರ್ ವ್ಯತ್ಯಾಸವಿದ್ದರೂ ಎರಡರಲ್ಲೂ ಸಾಲಿಗೆ ಆರೇ. ಏಳನೆಯವನನ್ನು ಕೂರಿಸಬೇಕೆಂದರೆ ಇನ್ನೊಂದು ದಾರಿಯನ್ನೇ ಕಟ್ಟಬೇಕು. ಬೋಯಿಂಗ್ 767 ಮಾಡಿದ್ದು ಅದನ್ನೇ: ಎರಡು, ಮೂರು, ಎರಡು. ಒಬ್ಬ ಹೆಚ್ಚಿನ ಪ್ರಯಾಣಿಕನಿಗಾಗಿ ವಿಮಾನದ ಮೈಯೇ ಒಂದು ಮೀಟರ್ ಹಿಗ್ಗಿತು!

ದೊಡ್ಡ ವಿಮಾನಗಳಲ್ಲಿ ಈ ಕಲ್ಲು ಸ್ವಲ್ಪ ಮೆತ್ತಗಾಗುತ್ತದೆ. 777ರ ಒಳ ಅಗಲ 5.87 ಮೀಟರ್. ಮೊದಮೊದಲು ಅದರಲ್ಲಿ ಸಾಲಿಗೆ ಒಂಬತ್ತು ಸೀಟು ಹಾಕುತ್ತಿದ್ದ ಕಂಪನಿಗಳು ಈಗ ಹತ್ತು ಹಾಕುತ್ತಿವೆ. 787ಕ್ಕೆ ಎಂಟು ಎಂದು ಮಾತಿತ್ತು, ಬಹುತೇಕರು ಹಾಕಿದ್ದು ಒಂಬತ್ತು. ಅಂತರರಾಷ್ಟ್ರೀಯ ಹಾರಾಟಗಳಲ್ಲಿ ಎಂಟಕ್ಕೇ ನಿಂತ ಜಪಾನ್ ಏರ್‌ಲೈನ್ಸ್‌ಗೆ ನಾನು ಮನಸಾರೆ ಕೈಮುಗಿಯುತ್ತೇನೆ. ಮೂವತ್ತು ಸಾಲಿರುವ ಕಡೆ ಸಾಲಿಗೊಂದು ಸೀಟು ಕೂಡಿಸಿದರೆ ಮೂವತ್ತು ಜನ ಹೆಚ್ಚಿದರು, ವಿಮಾನದ ಉದ್ದ ಒಂದು ಎಳೆಯೂ ಬೆಳೆಯಲಿಲ್ಲ.

ಈಗ ಉದ್ದ. ನನ್ನನ್ನು ಬೆಚ್ಚಿಬೀಳಿಸಿದ ಲೆಕ್ಕ ಇದೇ, ದಯವಿಟ್ಟು ಪೆನ್ಸಿಲ್ ತೆಗೆದುಕೊಳ್ಳಿ. ಎ320ರ ಒಳ ಉದ್ದ ಸುಮಾರು 27.5 ಮೀಟರ್. ಸಾಲಿನಿಂದ ಸಾಲಿಗೆ 29 ಇಂಚು ಇಟ್ಟು 30 ಸಾಲು ಹಾಕಿದರೆ 870 ಇಂಚು, ಅಂದರೆ 22.1 ಮೀಟರ್. ಉಳಿದ ಐದೂ ಚಿಲ್ಲರೆ ಮೀಟರ್ ಬಾಗಿಲಿಗೆ, ಅಡುಗೆಕಟ್ಟೆಗೆ, ಶೌಚಕ್ಕೆ. ಆರು ಮೂವತ್ಲೆ 180 ಸೀಟು. ಇನ್ನು ಪ್ರತಿ ಸಾಲಿನಿಂದ ಒಂದೇ ಒಂದು ಇಂಚು ಕಡಿಮೆ ಮಾಡಿ. 28 ಇಂಚಿನಂತೆ 31 ಸಾಲು: 868 ಇಂಚು. ಮೊದಲಿಗಿಂತ ಎರಡು ಇಂಚು ಕಡಿಮೆಯೇ! ಅಂದರೆ ಮೂವತ್ತು ಸಾಲಿನ ಜನರ ಮೊಣಕಾಲಿನ ಮುಂದಿನಿಂದ ಹೆಬ್ಬೆರಳಿನ ಒಂದು ಗಿಣ್ಣಿನಷ್ಟು ಜಾಗ ಒಟ್ಟುಮಾಡಿದರೆ ಒಂದು ಇಡೀ ಸಾಲು ಹುಟ್ಟುತ್ತದೆ. ಆರು ಹೊಸ ಸೀಟು. 180 ಹೋಗಿ 186. ಹಿಂಬದಿಯ ಶೌಚ ಮತ್ತು ಅಡುಗೆಕಟ್ಟೆಯನ್ನು ಒತ್ತೊತ್ತಾಗಿ ಮರುಜೋಡಿಸಿಯೂ ಏರ್‌ಬಸ್ ಇದೇ ಜಾಗ ಹುಡುಕಿಕೊಂಡಿತು. ಈ ವಿಮಾನಕ್ಕೆ ಬಹುಕಾಲ 180 ಇದ್ದ ಮಿತಿಯೂ ಆಮೇಲೆ ಏರಿತು. ಬೆಂಗಳೂರಿನಿಂದ ದಿನವೂ ಹಾರುವ ಇಂಡಿಗೊ ಎ320ನಿಯೊಗಳಲ್ಲಿ 180 ಸೀಟಿನವೂ ಇವೆ, 186 ಸೀಟಿನವೂ ಇವೆ. ಆ ಆರು ಜನ ಎಲ್ಲಿಂದ ಬಂದರು ಎಂಬುದು ನಿಮಗೀಗ ಗೊತ್ತು.

ಇದರ ನಡುವೆಯೇ ಒಂದು ಕಡೆ ಮಾತ್ರ ಯಾರೂ ಇಂಚು ಕದಿಯುವಂತಿಲ್ಲ. ರೆಕ್ಕೆಯ ಮೇಲಿನ ಬಾಗಿಲಿನ ಪಕ್ಕದ ಸಾಲು. ಅಲ್ಲಿ ಕಾಲು ಚಾಚಲು ಧಾರಾಳ ಜಾಗ. ಅದು ಕಂಪನಿಯ ಔದಾರ್ಯ ಎಂದು ನಾನು ತಿಳಿದಿದ್ದೆ. ಅದರ ಹಿಂದೆ 1985ರ ಆಗಸ್ಟ್ 22ರ ಮ್ಯಾಂಚೆಸ್ಟರ್ ಇದೆ. ಬ್ರಿಟಿಷ್ ಏರ್‌ಟೂರ್ಸ್‌ನ 737 ಏರುವ ಓಟದಲ್ಲಿದ್ದಾಗ ಎಂಜಿನ್ ಒಡೆದು ಬೆಂಕಿ ಹತ್ತಿತು. ವಿಮಾನ ನೆಲದ ಮೇಲೇ ಇತ್ತು. ಆದರೂ 137 ಜನರಲ್ಲಿ 55 ಮಂದಿ ಸತ್ತರು, ಹೆಚ್ಚಿನವರು ಹೊಗೆಯಿಂದ. ರೆಕ್ಕೆಯ ಬಾಗಿಲಿಗೆ ಹೋಗುವ ಸಂದಿ ಇಕ್ಕಟ್ಟು, ಮುಂದಿನ ಬಾಗಿಲಿಗೆ ಹೋಗುವ ದಾರಿಯೂ ಇಕ್ಕಟ್ಟು. ಕ್ರ್ಯಾನ್‌ಫೀಲ್ಡ್‌ನ ಮನಶ್ಶಾಸ್ತ್ರಜ್ಞೆ ಹೆಲೆನ್ ಮ್ಯೂರ್ ಆಮೇಲೆ ಒಂದು ಅಪೂರ್ವ ಪ್ರಯೋಗ ಮಾಡಿದರು. ನಿಂತ ವಿಮಾನದಲ್ಲಿ ಜನರನ್ನು ಕೂರಿಸಿ, ಮೊದಲು ಹೊರಬಂದ ಅರ್ಧ ಜನರಿಗೆ ಐದು ಪೌಂಡ್ ಹೆಚ್ಚು ಕೊಡುತ್ತೇವೆ ಎಂದರು. ಅಷ್ಟಕ್ಕೇ ಜನ ಒಬ್ಬರ ಮೇಲೊಬ್ಬರು ಬಿದ್ದರು, ಬಾಗಿಲಲ್ಲಿ ಸಿಕ್ಕಿಕೊಂಡರು. ಎಷ್ಟು ಇಂಚು ಬಿಟ್ಟರೆ ಮನುಷ್ಯರು ಸಿಕ್ಕಿಕೊಳ್ಳದೆ ಹರಿಯುತ್ತಾರೆ ಎಂಬುದನ್ನು ಆಕೆ ಹೀಗೆ ಅಳೆದು ತೆಗೆದರು. ತುರ್ತು ಬಾಗಿಲ ಸಾಲಿನಲ್ಲಿ ನಾವು ಕಾಲು ಚಾಚುವ ಆ ಜಾಗ ಹಾಗೆ ಬಂದದ್ದು. ಅದು ನಮ್ಮ ಕಾಲಿಗೆ ಬಿಟ್ಟದ್ದಲ್ಲ, ನಮ್ಮ ಹಿಂದೆ ಕೂತವರ ದಾರಿಗೆ ಬಿಟ್ಟದ್ದು.

ಇಷ್ಟಾದ ಮೇಲೂ ಪುಟ್ಟಿಯ ಅಂಕಿಗಳು ಕಂಪನಿಗಳ ಅಂಕಿಗಳಿಗೆ ಕೂಡಿಬರುತ್ತಿರಲಿಲ್ಲ. ಜಾಗ ಇದೆ, ಬಾಗಿಲು ಇದೆ, ಆದರೂ ಸೀಟು ಕಡಿಮೆ. 2007ರಲ್ಲಿ ಅಮೆರಿಕದ ಜೆಟ್‌ಬ್ಲೂ ತನ್ನ ಎ320ಗಳಲ್ಲಿ ಚೆನ್ನಾಗಿಯೇ ಇದ್ದ ಒಂದು ಸಾಲನ್ನು ಕಿತ್ತು 156 ಸೀಟನ್ನು 150ಕ್ಕೆ ಇಳಿಸಿತು. ಯಾರಾದರೂ ಇರುವ ಸೀಟು ಕೀಳುತ್ತಾರೆಯೇ? ಕೀಳುತ್ತಾರೆ, ಯಾಕೆಂದರೆ 50 ಸೀಟಿಗೆ ಒಬ್ಬ ಕ್ಯಾಬಿನ್ ಸಿಬ್ಬಂದಿ ಇರಲೇಬೇಕೆಂಬುದು ನಿಯಮ. 150ಕ್ಕೆ ಮೂವರು ಸಾಕು, 151ನೇ ಸೀಟು ಹಾಕಿದಿರೋ ನಾಲ್ಕನೆಯವರು ಬೇಕು. ಒಂದು ಸೀಟಿಗಾಗಿ ಒಂದು ಸಂಬಳ!

ಇದೇ ಎಳೆ ಹಿಡಿದು ಹೋದಾಗ ಇನ್ನೊಂದು ಗುಟ್ಟು ಒಡೆಯಿತು. ಚಿಕ್ಕ ವಿಮಾನಗಳ ಪಟ್ಟಿ ನೋಡಿ: ಡಾರ್ನಿಯರ್ 228, 19 ಸೀಟು. ಟ್ವಿನ್ ಆಟರ್, 19. ಬೀಚ್‌ಕ್ರಾಫ್ಟ್ 1900, 19. ನಮ್ಮ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 2004ರ ಮೇ 29ರಂದು ಮೊದಲ ಬಾರಿಗೆ ಹಾರಿಸಿದ ಸಾರಸ್ 14 ಸೀಟಿನದು. ಅದರ ಮುಂದಿನ ರೂಪ ಸಾರಸ್ ಎಂಕೆ2ಗೆ ಇಟ್ಟುಕೊಂಡ ಗುರಿ ಎಷ್ಟು ಗೊತ್ತೇ? 19! ಬೇರೆ ಬೇರೆ ದೇಶ, ಬೇರೆ ಬೇರೆ ಎಂಜಿನಿಯರುಗಳು, ಎಲ್ಲರೂ ಬಂದು ನಿಂತದ್ದು ಅದೇ ಅಂಕಿಯ ಮುಂದೆ. ಹತ್ತೊಂಬತ್ತರವರೆಗೆ ಗಗನಸಖಿ ಕಡ್ಡಾಯವಲ್ಲ, ಇಪ್ಪತ್ತನೇ ಸೀಟು ಬಂದೊಡನೆ ಕಡ್ಡಾಯ. ಆ ನಿಯಮದ ಒಂದು ಸಾಲು ಜಗತ್ತಿನ ಪುಟ್ಟ ವಿಮಾನಗಳ ಮೈಯನ್ನೇ ತಿದ್ದಿದೆ.

ಕೊನೆಯ ಮೆಟ್ಟಿಲು ತೂಕ, ಅದರ ಬೆನ್ನಿಗೇ ದೂರ. ಇಲ್ಲಿ ಬೆಂಗಳೂರು ಮತ್ತೆ ಎದುರಾಯಿತು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಏರ್ ಇಂಡಿಯಾದ 777-200ಎಲ್‌ಆರ್ ಅನ್ನು ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಹಾರಿಸಿ ಕೆಂಪೇಗೌಡ ನಿಲ್ದಾಣಕ್ಕೆ ತಂದಿಳಿಸಿದರು. ನೇರ ಅಂತರವೇ ಸುಮಾರು 14,000 ಕಿಲೋಮೀಟರ್. ಆ ವಿಮಾನಕ್ಕೆ ಬಾಗಿಲು ಕೊಟ್ಟ ಮಿತಿ 440, ಪುಟ್ಟಿ ಎಣಿಸಿದ್ದಳಲ್ಲ. ಅದರಲ್ಲಿದ್ದ ಸೀಟು 238: ಮೊದಲ ದರ್ಜೆ 8, ಬಿಸಿನೆಸ್ 35, ಎಕಾನಮಿ 195. ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅಷ್ಟು ದೂರಕ್ಕೆ ಬೇಕಾದ ಇಂಧನವನ್ನು ಹೊತ್ತ ಮೇಲೆ ಜನರಿಗೆ ಉಳಿಯುವ ತೂಕ ಕಡಿಮೆ, ಹದಿನೇಳು ಗಂಟೆ ಮೊಣಕಾಲು ಮಡಿಸಿ ಕೂರುವ ಜನರೂ ಕಡಿಮೆ.

ಹಾಗಾದರೆ ಎ350-900? ಹನೆಡಾದ್ದು ಜಪಾನಿನೊಳಗೆ ಒಂದೂವರೆ ಗಂಟೆ ಹಾರುವಂಥದು, 369 ಸೀಟು. ಅದೇ ಎ350-900ರ ಅತಿದೂರ ಹಾರುವ ರೂಪವನ್ನು ಸಿಂಗಪುರ ಏರ್‌ಲೈನ್ಸ್ 2018ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಬಳಿಯ ನೂವರ್ಕ್‌ಗೆ ಹಾರಿಸಿತು, 15,000 ಕಿಲೋಮೀಟರಿಗೂ ಹೆಚ್ಚು ದೂರ. ಸೀಟು 161. ಬಿಸಿನೆಸ್ 67, ಪ್ರೀಮಿಯಂ ಎಕಾನಮಿ 94, ಎಕಾನಮಿ ಒಂದೂ ಇಲ್ಲ. ಬಾಗಿಲು 440 ಎನ್ನುತ್ತದೆ, ಸಮುದ್ರ 161 ಎನ್ನುತ್ತದೆ! ಇನ್ನೊಂದು ತುದಿಯಲ್ಲಿ, ಜಪಾನಿನ ಊರಿಂದೂರಿಗೆ ಹಾರಲೆಂದೇ ಬೋಯಿಂಗ್ ಕಟ್ಟಿದ 747-400ಡಿ. ಇಂಧನ ಉಳಿಸುವ ರೆಕ್ಕೆತುದಿಯ ಕಿರುರೆಕ್ಕೆಗಳನ್ನೂ ತೆಗೆದುಹಾಕಿ, ಎರಡು ದರ್ಜೆಯಲ್ಲಿ 568 ಸೀಟು ಹಾಕಿದರು. ಹತ್ತಿರದ ದಾರಿಗೆ ಜನ ಹೆಚ್ಚು, ದೂರದ ದಾರಿಗೆ ಜನ ಕಡಿಮೆ. ಇದನ್ನು ತಿಳಿದವರಿಗೆ ವಿಮಾನದೊಳಗಿನ ಸೀಟಿನ ನಕ್ಷೆಯೊಂದೇ ಸಾಕು, ಅದು ಎಷ್ಟು ದೂರ ಹಾರುತ್ತದೆಂದು ಊಹಿಸಲು.

ಎ380ಗೆ ಚಾವಣಿ ಮುಟ್ಟುವ ಆಸೆ ಯಾರಿಗೂ ಬರಲಿಲ್ಲವೇ? ಬಂದಿತ್ತು. ರಿಯೂನಿಯನ್ ದ್ವೀಪದ ಏರ್ ಆಸ್ಟ್ರಲ್ 2009ರಲ್ಲಿ ಪ್ಯಾರಿಸ್ ದಾರಿಗೆಂದು 840 ಸೀಟಿನ ಎರಡು ಎ380ಗಳನ್ನು ಕೊಳ್ಳಲು ಹೊರಟಿತು, 2016ರಲ್ಲಿ ಕೈಬಿಟ್ಟಿತು. ಹ್ಯಾಂಬರ್ಗ್‌ನ ಆ 853 ಜನರಷ್ಟು ಪ್ರಯಾಣಿಕರನ್ನು ಯಾವ ಕಂಪನಿಯೂ ಎ380ರಲ್ಲಿ ಕೂರಿಸಿಲ್ಲ.

ಇಷ್ಟು ಲೆಕ್ಕ, ಇಷ್ಟು ನಿಯಮ ಎಲ್ಲವನ್ನೂ ಮನುಷ್ಯರು ಬದಿಗಿಟ್ಟ ದಿನವೂ ಒಂದಿದೆ. 1991ರ ಮೇ 24. ಅಂತರ್ಯುದ್ಧದಿಂದ ಕುಸಿಯುತ್ತಿದ್ದ ಇಥಿಯೋಪಿಯಾದಿಂದ ಅಲ್ಲಿನ ಯಹೂದಿಗಳನ್ನು 36 ಗಂಟೆಗಳಲ್ಲಿ ಇಸ್ರೇಲಿಗೆ ಸಾಗಿಸಿದ ಕಾರ್ಯಾಚರಣೆ, 14,000ಕ್ಕೂ ಹೆಚ್ಚು ಜನ. ಸೀಟುಗಳನ್ನು ಕಿತ್ತು ತೆಗೆದ ಎಲ್ ಆಲ್ ಕಂಪನಿಯ ಒಂದೇ ಒಂದು 747ರಲ್ಲಿ ಆ ದಿನ ಬಂದಿಳಿದವರು 1,088 ಎಂದು ಗಿನ್ನೆಸ್ ದಾಖಲೆ ಹೇಳುತ್ತದೆ. ಹಾರುವಾಗಲೇ ಹುಟ್ಟಿದ ಎರಡು ಕೂಸುಗಳೂ ಆ ಲೆಕ್ಕದಲ್ಲಿವೆ! ಉಟ್ಟ ಬಟ್ಟೆಯಲ್ಲಿ ಬಂದ, ಹಸಿದು ಸೊರಗಿದ ಜನ, ಮಡಿಲಲ್ಲಿ ಮಕ್ಕಳು. ಆ 1,088ನ್ನು ಪುಟ್ಟಿಗೆ ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ 747ರ ಚೀಟಿಯ ಹಿಂಬದಿಯಲ್ಲಿ ಅದನ್ನು ಪೆನ್ಸಿಲ್ಲಿನಲ್ಲಿ ಮೆಲ್ಲಗೆ ಬರೆದಿಟ್ಟಳು.

ಕೊನೆಗೆ ಉಳಿದದ್ದು ಒಂದು ಮಾದರಿ. ಕೆಂಪು ಬಣ್ಣದ ಹೊಸ ಉಡುಪಿನ ಏರ್ ಇಂಡಿಯಾ ಎ350-900. 2024ರ ಜನವರಿ 22ರಂದು ಅದರ ಮೊದಲ ವಾಣಿಜ್ಯ ಹಾರಾಟ ಹೊರಟದ್ದು ನಮ್ಮ ಬೆಂಗಳೂರಿನಿಂದ, ಮುಂಬೈಗೆ. “ಇದರ ಉತ್ತರ ನೀನು ನೋಡಬೇಡ ಮಾವ, ನಾನೇ ಕಂಡುಹಿಡಿತೀನಿ” ಎಂದಳು ಪುಟ್ಟಿ. ಬಾಗಿಲು ನಾಲ್ಕು ಜೋಡಿ, ಚಾವಣಿ 440. ಒಳ ಉದ್ದ 51 ಮೀಟರ್. ದೂರ ಹಾರುವ ಬೇರೆ ವಿಮಾನಗಳ ಒಳನಕ್ಷೆಗಳ ಮೇಲೆ ಸ್ಕೇಲು ಇಟ್ಟು ನೋಡಿದಾಗ ಉದ್ದದ ಮೂರನೇ ಒಂದು ಭಾಗ ಬಾಗಿಲು, ಅಡುಗೆಕಟ್ಟೆ, ಶೌಚಗಳಿಗೆ ಹೋಗುತ್ತದೆಂದು ನಾವು ಕಂಡುಕೊಂಡಿದ್ದೆವು. ಅದನ್ನು ಕಳೆದು ಅವಳು 34 ಮೀಟರ್ ಇಟ್ಟುಕೊಂಡಳು. ಮುಂದಿನ ಎರಡು ದರ್ಜೆಗಳ ಸಾಲುಗಳನ್ನು ಮಾತ್ರ ಕಂಪನಿಯ ಚಿತ್ರದಿಂದ ತೆಗೆದುಕೊಂಡಳು: ಬಿಸಿನೆಸ್ ನಾಲ್ಕರಂತೆ ಏಳು ಸಾಲು, ಎಂಟು ಮೀಟರ್, 28 ಸೀಟು. ಪ್ರೀಮಿಯಂ ಎಂಟರಂತೆ ಮೂರು ಸಾಲು, ಮೂರು ಮೀಟರ್, 24 ಸೀಟು. ಉಳಿದ 23 ಮೀಟರಿನಲ್ಲಿ 31 ಇಂಚಿಗೊಂದರಂತೆ 29 ಸಾಲು, ಸಾಲಿಗೆ ಒಂಬತ್ತು. 261. ಎಲ್ಲ ಕೂಡಿ 313.

ಉತ್ತರ ತೆಗೆದು ನೋಡಿದೆವು. ಏರ್ ಇಂಡಿಯಾ ಎ350-900ರ ಸೀಟುಗಳು 316. ಮೂರೇ ಸೀಟಿನ ವ್ಯತ್ಯಾಸ! ಹನ್ನೊಂದು ವರ್ಷದ ಹುಡುಗಿ, ಒಂದು ಪೆನ್ಸಿಲ್, ಅಮ್ಮನ ಹೊಲಿಗೆ ಟೇಪು. ಇಬ್ಬರೂ ಎದ್ದು ಕುಣಿದೆವು.

ಅವಳ ಚೀಟಿಗಳಲ್ಲಿ ಈಗ ಸೀಟಿನ ಖಾನೆ ಎರಡಾಗಿದೆ. ಒಂದರಲ್ಲಿ ಬಾಗಿಲು ಬಿಡುವಷ್ಟು, ಇನ್ನೊಂದರಲ್ಲಿ ಕಂಪನಿ ಹಾಕಿದಷ್ಟು. ಎ380ರ ಮುಂದೆ 853, ಅದರ ಕೆಳಗೆ ಎಮಿರೇಟ್ಸ್ 517. ಆ ಕಂಪನಿಯ ಎ380 2022ರ ಅಕ್ಟೋಬರ್ 30ರಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೂ ಬಂದಿಳಿಯುತ್ತಿದೆ. ಆ ಕಡೆ ಹೋದರೆ ಬೇಲಿಯಾಚೆ ನಿಂತು ಅದರ ಒಂದು ಬದಿಯ ಎಂಟು ಬಾಗಿಲುಗಳನ್ನು ನೀವೂ ಎಣಿಸಬಹುದು.

ವಿಮಾನ ಹತ್ತಿ ಕೂತಾಗಲೂ ಒಂದು ಎಣಿಕೆ ಮಾಡಿ. ನಿಮ್ಮ ಸೀಟಿನಿಂದ ಮುಂದಿನ ಬಾಗಿಲಿಗೆ ಎಷ್ಟು ಸಾಲು, ಹಿಂದಿನ ಬಾಗಿಲಿಗೆ ಎಷ್ಟು ಸಾಲು, ಬೆರಳಲ್ಲಿ ಎಣಿಸಿ ನೆನಪಿಟ್ಟುಕೊಳ್ಳಿ. ಕತ್ತಲಲ್ಲಿ, ಹೊಗೆಯಲ್ಲಿ ಸೀಟಿನ ತಲೆಗಳನ್ನು ಮುಟ್ಟುತ್ತಾ ಹೋಗಲು ಆ ಎರಡು ಅಂಕಿ ಸಾಕು. ಹೊರಡಿ ಎಂದಾಗ ಮೇಲಿನ ಚೀಲ ಮುಟ್ಟಬೇಡಿ.